ಲೆನ್ಸಿನ ಮಡಿ

ಯಲಹಂಕದ ಹಳೇಪೇಟೆಯ ಆ ಮನೆಯಲ್ಲಿ ಮಡಿಯಲ್ಲಿದ್ದದ್ದು ಎರಡೇ. ಒಂದು ದೇವರ ಕೋಣೆ, ಇನ್ನೊಂದು ತ್ರಿವಿಕ್ರಮನ ಉದ್ದ ಲೆನ್ಸು. ದೇವರ ಕೋಣೆಗೆ ಸ್ನಾನ ಮಾಡಿದವರು ಯಾರು ಬೇಕಾದರೂ ಹೋಗಬಹುದಿತ್ತು. ಲೆನ್ಸನ್ನು ಮಾತ್ರ ಸ್ನಾನ ಮಾಡಿ ಬಂದ ಹೆಂಡತಿಯೂ ಮುಟ್ಟುವಂತಿರಲಿಲ್ಲ.

"ಬೆರಳಲ್ಲಿ ಜಿಡ್ಡಿರುತ್ತೆ ಕಣೇ ಸತ್ಯಾ. ಗಾಜಿನ ಮೇಲೆ ಒಂದು ಲೇಪ ಇರುತ್ತೆ, ಜಿಡ್ಡು ಅದನ್ನ ತಿಂದುಬಿಡುತ್ತೆ," ಎನ್ನುತ್ತಿದ್ದ.

"ನಾನು ಕಲಸಿಕೊಟ್ಟ ಅನ್ನ ತಿನ್ನೋವಾಗ ಈ ಜಿಡ್ಡು ಎಲ್ಲಿಗೆ ಹೋಗಿರುತ್ತೆ?" ಎಂದು ಸತ್ಯವತಿ ಕೇಳಿದರೆ ನಕ್ಕುಬಿಡುತ್ತಿದ್ದ.

ಹಾಗಂತ ಅವನನ್ನು ಮಡಿವಂತ ಅಂದುಕೊಳ್ಳಬೇಡಿ. ಅಂದರೆ ಅವನಿಗೇ ಸಿಟ್ಟು ಬರುತ್ತಿತ್ತು. ಯಶವಂತಪುರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ. ಬೆಳಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವವನು. ಶನಿವಾರ ಸಂಜೆ ಅಲ್ಲೇ ಒಂದು ಓದುಕೂಟ. ಅದರಲ್ಲಿ ಎದ್ದು ನಿಂತು ಜಾತಿಯ ಮೇಲೆ, ಸಮಾನತೆಯ ಮೇಲೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು. ಜನಿವಾರ ಗೂಟದಲ್ಲಿತ್ತು. ಮಡಿ ಮಾತ್ರ ಗೂಟಕ್ಕೆ ಹೋಗಿರಲಿಲ್ಲ. ಜಾಗ ಬದಲಾಯಿಸಿ ಲೆನ್ಸಿನ ಡಬ್ಬಿಯಲ್ಲಿ ಹೋಗಿ ಕೂತಿತ್ತು.

ಆ ಲೆನ್ಸು ಮನೆಗೆ ಬಂದದ್ದು ಚೀನಾ ಯುದ್ಧದ ಹಿಂದಿನ ವರ್ಷ. ಹೊರದೇಶದ ಲೆನ್ಸು ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಕಾಲವಲ್ಲ ಅದು. ಊರು ಬಿಟ್ಟು ಹೋಗುವ ಬಿಳಿಯರ ಮನೆ ಸಾಮಾನಿನಲ್ಲಿ ಸಿಕ್ಕರೆ ಪುಣ್ಯ. ಜಕ್ಕೂರಿನ ವಿಮಾನ ಮೈದಾನದಲ್ಲಿ ಹಾರಾಟ ಕಲಿಸುತ್ತಿದ್ದ ಇಂಗ್ಲಿಷಿನವನೊಬ್ಬ ಗಂಟುಮೂಟೆ ಕಟ್ಟುತ್ತಿದ್ದಾನೆ, ಅವನ ಹತ್ತಿರ ಎರಡು ಲೆನ್ಸಿವೆ ಎಂದು ಗುಂಡಣ್ಣ ಸುದ್ದಿ ತಂದ. ಗುಂಡಣ್ಣ ಇವರ ಫೋಟೋ ಬಳಗದ ಕಾರ್ಯದರ್ಶಿ. ಅಪ್ಪ ಬಿಟ್ಟುಹೋದ ಮನೆಗಳ ಬಾಡಿಗೆಯಲ್ಲಿ ಉಂಡುಟ್ಟು, ಹಗಲೆಲ್ಲ ಚಿತ್ರದ ಮಾತಾಡುವ ಆಸಾಮಿ.

ಇಬ್ಬರೂ ಸೈಕಲ್ಲಿನಲ್ಲಿ ಹೋದರು. ತ್ರಿವಿಕ್ರಮ ಎರಡು ಲೆನ್ಸನ್ನೂ ಹೆಣ್ಣು ನೋಡಲು ಹೋದ ಗಂಡಿನ ಕಡೆಯವರಂತೆ ನೋಡಿದ. ಆಕಾಶಕ್ಕೆ ಹಿಡಿದು ಗೀರಿದೆಯೇ, ಗುಳ್ಳೆಯಿದೆಯೇ ಎಂದು ಹುಡುಕಿದ. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಏನಾದರೂ ಕಳಚಿದೆಯೇ ಕೇಳಿದ. ಉಂಗುರ ತಿರುಗಿಸಿ ಮರಳು ಸಿಕ್ಕ ಸದ್ದು ಬರುತ್ತದೆಯೇ, ಬೆಳಕನ್ನು ಹೆಚ್ಚುಕಡಿಮೆ ಮಾಡುವ ಒಳಗಿನ ತಗಡಿನ ಎಸಳುಗಳಿಗೆ ಎಣ್ಣೆ ಇಳಿದಿದೆಯೇ ಎಂದು ಪರೀಕ್ಷಿಸಿದ. ಎರಡೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಒಂದು ಅಗಲದ ನೋಟದ್ದು, ಗಿಡ್ಡ. ಇನ್ನೊಂದು ದೂರದ್ದು, ಉದ್ದ.

"ಗಿಡ್ಡದ್ದನ್ನು ಹಿಡಿದರೆ ನೀನು ಜನರ ಹತ್ತಿರ ಹೋಗಬೇಕು," ಎಂದ ಇಂಗ್ಲಿಷಿನವನು. "ಉದ್ದದ್ದು ಹಿಡಿದರೆ ನೀನು ಎಲ್ಲಿದ್ದೀಯೋ ಅಲ್ಲೇ ಇರಬಹುದು. ನಿನ್ನ ಸ್ವಭಾವ ನಿನಗೆ ಗೊತ್ತು."

"ಅಗಲದ್ದು ತಗೊಳ್ಳಯ್ಯಾ," ಗುಂಡಣ್ಣ ಭುಜ ತಿವಿದ. "ಸಂತೆ, ಬೀದಿ, ಮುಖ, ಎಲ್ಲ ಒಳಗೆ ಬರುತ್ತೆ."

ಸಂತೆ ಎಂದ ಕೂಡಲೇ ತ್ರಿವಿಕ್ರಮನಿಗೆ ನೆನಪಾದದ್ದು ಸೊಪ್ಪಿನ ಹೆಂಗಸು. ಯಲಹಂಕದ ಸಂತೆಯಲ್ಲಿ ಅವಳೆದುರು ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾ ಎತ್ತಿದಾಗ ಅವಳು ಇಡೀ ಸಂತೆಗೆ ಕೇಳುವಂತೆ, "ಯಾಕ್ ಸ್ವಾಮಿ, ನನ್ ಮಕ ಇಡ್ಕಂಡೋಗಿ ಏನ್ ಉಪ್ಪಾಕ್ತೀರಾ? ಸೊಪ್ ಬೇಕಾರೆ ಸೊಪ್ಪಿಡ್ಕಂಡೋಗಿ!" ಎಂದಿದ್ದಳು. ಸುತ್ತ ನಕ್ಕ ನಗು ಇನ್ನೂ ಬೆನ್ನಿಗಂಟಿತ್ತು. ಉದ್ದ ಲೆನ್ಸು ಹಿಡಿದರೆ ಆ ಕಾಟವಿಲ್ಲ. ನೀನು ನೋಡುವವರಿಗೆ ನೀನು ಕಾಣುವುದಿಲ್ಲ, ಯಾಕೆ ಎಂದು ಕೇಳುವವರಿಲ್ಲ.

ಉದ್ದದ್ದನ್ನೇ ತೆಗೆದುಕೊಂಡ.

ತೆಗೆದುಕೊಂಡ ಮೇಲೆ ಅದರ ಆರೈಕೆ. ಬಳಗದಲ್ಲಿ ಎಲ್ಲರಿಗೂ ಮಳೆಗಾಲವೆಂದರೆ ಹೆದರಿಕೆ, ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಗುಂಡಣ್ಣನದೇ ಒಂದು ಲೆನ್ಸಿನ ಹೊಟ್ಟೆಯಲ್ಲಿ ಜೇಡರ ಬಲೆಯಂತೆ ಬೇರು ಬಿಟ್ಟಿತ್ತು. ಅದನ್ನು ತೋರಿಸಿ ಅವನು ಹೇಳಿದ್ದ: "ಇದನ್ನ ಚರ್ಮದ ಚೀಲದಲ್ಲಿ ಮುಚ್ಚಿಟ್ಟು ಕೊಂದೆ ಕಣಯ್ಯಾ. ಬೂಷ್ಟಿಗೆ ಕತ್ತಲೆ ಬೇಕು, ಗಾಳಿ ಆಡದ ಜಾಗ ಬೇಕು. ನೀನು ಹಾಗೆ ಮಾಡ್ಬೇಡ. ಆಗಾಗ ತೆಗೀ, ಬಿಸಿಲು ತೋರ್ಸು, ಕೈಯಲ್ಲಿ ಆಡ್ಸು. ಉಪ್ಪಿನಕಾಯಿ ಜಾಡಿ ಅಲ್ಲ ಇದು."

ತ್ರಿವಿಕ್ರಮನ ಕಿವಿಗೆ ಅದು ಹೋಗಲಿಲ್ಲ. ಹೊರಗಿಟ್ಟರೆ ಧೂಳು, ಧೂಳೆಂದರೆ ಗೀರು. ಅವನಿಗೆ ಗೊತ್ತಿದ್ದ ರಕ್ಷಣೆ ಬೇರೆ. ಅಜ್ಜಿ ತನ್ನ ರೇಷ್ಮೆ ಮಡಿಸೀರೆಗಳ ನಡುವೆ ಕರ್ಪೂರ ಇಟ್ಟು ಪೆಟ್ಟಿಗೆ ಮುಚ್ಚುತ್ತಿದ್ದಳು. ಹುಳ ಸುಳಿಯುತ್ತಿರಲಿಲ್ಲ, ಸೀರೆ ತಲೆಮಾರು ದಾಟಿ ಬಂದಿತ್ತು. ತ್ರಿವಿಕ್ರಮ ಲೆನ್ಸನ್ನು ರೇಷ್ಮೆ ಚೂರಿನಲ್ಲಿ ಸುತ್ತಿದ. ದೇವರ ಕೋಣೆಯ ಕರ್ಪೂರದ ಬಿಲ್ಲೆಗಳನ್ನು ಜೊತೆಗಿಟ್ಟ. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಸಂದಿಗೆ ಮೇಣ ಮೆತ್ತಿ, ಸತ್ಯವತಿಯ ಸೀರೆಪೆಟ್ಟಿಗೆಯ ತಳದಲ್ಲಿಟ್ಟ. ಆಷಾಢದಲ್ಲಿ ಒಳಗೆ ಹೋದದ್ದು ಹೊರಬಂದದ್ದು ಕಾರ್ತಿಕದಲ್ಲಿ. ಅದು ಅರವತ್ತಮೂರನೆಯ ಇಸವಿ.

ಚಿಕ್ಕಜಾಲ ದಾಟಿ ಒಳಗೆ ಹೋದರೆ ಕರೇಕಲ್ಲಹಳ್ಳಿ. ಆ ಊರ ಕೆರೆಗೆ ಕಾರ್ತಿಕದಲ್ಲಿ ಕೊಕ್ಕರೆ ಬರುತ್ತವೆ. ತ್ರಿವಿಕ್ರಮ ಅಲ್ಲಿಗೆ ಹಳಬ. ಊರಿನ ದೊಡ್ಡ ಜಮೀನುದಾರ ಚಿಕ್ಕಬೈರಪ್ಪ, ಅವನ ತಮ್ಮ ಮುನಿಕೃಷ್ಣಪ್ಪ, ಇಬ್ಬರೂ ಪರಿಚಯ. ಒಮ್ಮೆ ಎಳನೀರು ಕೊಚ್ಚಿಸಿ ಕೊಟ್ಟಿದ್ದರು. ಇವನು ಅಣ್ಣ ತಮ್ಮಂದಿರನ್ನು ಮಂಚದ ಮೇಲೆ ಕೂರಿಸಿ ಫೋಟೋ ತೆಗೆದುಕೊಟ್ಟಿದ್ದ. ಅವರ ಮೀಸೆಯ ತಿರುವು ಕೂಡ ಇವನಿಗೆ ಗೊತ್ತು.

ಇನ್ನೊಬ್ಬ ಪರಿಚಯದವನೂ ಇದ್ದ, ಲಕ್ಕಣ್ಣ. ಏರಿಯ ಕೆಳಗಿನ ಹೊಲಗೇರಿಯವನು, ಪಟಾಲಮ್ಮ ಎಂಬುವಳ ಒಬ್ಬನೇ ಮಗ. ಜಕ್ಕೂರಿನ ವಿಮಾನ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸ. ಭಾನುವಾರ ಏರಿಯ ಮೇಲೆ ಇವನನ್ನು ಕಂಡರೆ ಬೀಡಿ ಬೆನ್ನ ಹಿಂದೆ ಮುಚ್ಚಿಕೊಂಡು ಬರುತ್ತಿದ್ದ.

"ಏನ್ ಸಾ, ಕೊಕ್ರೆ ಸಿಕ್ತಾ?"

"ಸಿಗ್ತಪ್ಪ."

"ಫೋಟಾ ತೆಗುದ್ರೆ ಅವುಕ್ಕೂ ಒಂದೊಂದು ಕೊಡ್ತೀರಾ ಸಾ? ಗೋಡೇಗ್ ನೇತಾಕ್ಕಳಾಕೆ?" ಎಂದು ತಾನೇ ನಗುತ್ತಿದ್ದ.

ಆ ಕಾರ್ತಿಕದ ಮೊದಲಲ್ಲಿ ಒಂದು ದಿನ ಮಾತ್ರ ನಕ್ಕಿರಲಿಲ್ಲ. ಕೇರಿಯ ಬಾವಿಗೆ ಯಾರೋ ಸತ್ತ ನಾಯಿ ಎಸೆದಿದ್ದರು. ಕೆರೆಯ ಮೆಟ್ಟಿಲ ಕಡೆ ಕೇರಿಯವರು ಸುಳಿಯುವಂತಿಲ್ಲ. ದನ ಇಳಿಯುವ ರಾಡಿಯಲ್ಲಿ ತುಂಬಿಕೊಳ್ಳಬೇಕು. "ಯಾರು ಎಲ್ಲಿ ಬೇಕಾರೂ ನೀರ್ ಇಡೀಬೋದು ಅಂತ ಕಾಯ್ದೆ ಬಂದೈತಂತೆ. ಅವುದಾ ಸಾ?" ಎಂದು ಕೇಳಿದ್ದ.

"ಬಂದು ಎಷ್ಟೋ ವರ್ಷ ಆಯ್ತಲ್ಲಯ್ಯಾ," ತ್ರಿವಿಕ್ರಮ ಓದುಕೂಟದ ಗಂಟಲಿನಲ್ಲಿ ಹೇಳಿದ್ದ. "ತಡೆದೋರು ಜೈಲಿಗೆ ಹೋಗ್ಬೇಕು. ಅದು ನಿನ್ನ ಹಕ್ಕು. ಯಾರೂ ಭಿಕ್ಷೆ ಹಾಕ್ತಿರೋದಲ್ಲ."

ಲಕ್ಕಣ್ಣ ಅದನ್ನು ನಂಬಿದ. ಹೇಳಿದವನಿಗಿಂತ ಹೆಚ್ಚಾಗಿ ನಂಬಿದ.

ಮುಂದಿನ ಭಾನುವಾರ ಬೆಳಗ್ಗೆ ಆಕಾಶ ಒರೆಸಿಟ್ಟಂತಿತ್ತು. ಹುಲ್ಲಿನ ಮೇಲಿನ ಇಬ್ಬನಿಯೂ ಆರಿ, ಕೆರೆಯ ಆಚೆ ದಡದ ಹುಣಸೆಮರದ ಕೊಂಬೆಗಳನ್ನು ಬಿಡಿಬಿಡಿಯಾಗಿ ನೋಡಬಹುದಿತ್ತು. ತ್ರಿವಿಕ್ರಮ ಏರಿಯ ಮೇಲಿನ ಲಂಟಾನ ಪೊದೆಯ ಹಿಂದಿದ್ದ. ಕ್ಯಾಮೆರಾದಲ್ಲಿದ್ದದ್ದು ಅದರ ಜೊತೆಗೇ ಬಂದಿದ್ದ ಸಾಮಾನ್ಯ ಲೆನ್ಸು, ದಿನವೂ ಕೈಯಲ್ಲಾಡುವಂಥದ್ದು. ನೀರಿನಲ್ಲಿ ಬಿದ್ದ ಬೆಳಕನ್ನು ಅದರಲ್ಲಿ ಹಿಡಿಯುತ್ತಿದ್ದ. ಆಗ ಲಕ್ಕಣ್ಣ ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಕಡೆ ಸೀಮೆಎಣ್ಣೆ ಡಬ್ಬ ತೂಗಿಸಿಕೊಂಡು ಮೆಟ್ಟಿಲಿಳಿದ. ಅವಸರವಿಲ್ಲ. ತನ್ನ ಮನೆಯ ಹಿತ್ತಲಿಗೆ ಇಳಿದಂತೆ ಇಳಿದ.

ಡಬ್ಬ ಮುಳುಗಿಸಿ ಎತ್ತುವಷ್ಟರಲ್ಲಿ ಮೇಲೆ ನಾಲ್ವರು ಬಂದು ನಿಂತಿದ್ದರು. ಚಿಕ್ಕಬೈರಪ್ಪ, ಮುನಿಕೃಷ್ಣಪ್ಪ, ಇಬ್ಬರು ಆಳುಗಳು. ಬೈಗುಳ ನೀರಿನ ಮೇಲೆ ಜಾರಿ ಪೊದೆಯವರೆಗೂ ಬಂತು. ಲಕ್ಕಣ್ಣ ಏನೋ ಹೇಳಿದ; ಕಾಯ್ದೆ ಎಂಬ ಒಂದು ಮಾತು ಕೇಳಿಸಿತು. ಒಬ್ಬ ಆಳು ಡಬ್ಬ ಒದ್ದ. ಇನ್ನೊಬ್ಬ ಎದೆಗೆ ಕೈಯಿಟ್ಟು ತಳ್ಳಿದ.

ಮಳೆ ಚೆನ್ನಾಗಿ ಆದ ವರ್ಷ. ಮೆಟ್ಟಿಲ ಬುಡದಲ್ಲೇ ಆಳುದ್ದ ನೀರು. ಲಕ್ಕಣ್ಣನಿಗೆ ಈಜು ಬರುತ್ತಿರಲಿಲ್ಲ. ಈಜು ಕಲಿಯಲು ಕೇರಿಯ ಮಕ್ಕಳನ್ನು ಕೆರೆಗೆ ಬಿಟ್ಟವರು ಯಾರು? ಹೇಗೋ ಕೈ ಬಡಿದು ಮೆಟ್ಟಿಲ ಅಂಚು ಹಿಡಿದ. ಮುನಿಕೃಷ್ಣಪ್ಪ ಬಿದಿರಿನ ಗಳುವಿನಿಂದ ಆ ಕೈಗೆ ಚುಚ್ಚಿದ. ಕೈ ಬಿಟ್ಟಿತು. ಮತ್ತೆ ಹಿಡಿಯಿತು.

ಈಗ ತ್ರಿವಿಕ್ರಮನ ಮುಂದೆ ಮೂರು ದಾರಿಗಳಿದ್ದವು. ಒಂದು, ಎದ್ದು ನಿಂತು ಕೂಗುವುದು. ಪೇಟೆಯ ಪ್ಯಾಂಟಿನವನೊಬ್ಬ, ಬ್ರಾಹ್ಮಣರ ಮನೆಯವನು ಅಲ್ಲಿದ್ದಾನೆಂದು ಗೊತ್ತಾಗಿದ್ದರೆ ಗಳು ಕೆಳಗಿಳಿಯುತ್ತಿತ್ತು. ಒಂದು ಕೂಗು ಸಾಕಿತ್ತು. ಎರಡು, ಕೈಯಲ್ಲಿದ್ದ ಲೆನ್ಸಿನಲ್ಲೇ ಫೋಟೋ ತೆಗೆಯುವುದು. ಆದರೆ ಅದಕ್ಕೆ ಪೊದೆ ಬಿಟ್ಟು ಏರಿಯ ಇಳಿಜಾರಿನಲ್ಲಿ ಮೆಟ್ಟಿಲವರೆಗೆ ಹೋಗಬೇಕು. ಮೂರು, ಚೀಲದಲ್ಲಿರುವ ಡಬ್ಬಿ.

ಅವನು ಡಬ್ಬಿ ತೆಗೆದ.

ಮೇಣ ಕೆರೆದ. ಮುಚ್ಚಳ ಬಿಚ್ಚಿದ. ಕರ್ಪೂರದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ರೇಷ್ಮೆಯ ಒಂದೊಂದು ಸುತ್ತನ್ನೂ ಬಿಡಿಸಿದ, ಗಾಜಿಗೆ ಬೆರಳು ತಾಗದ ಹಾಗೆ, ಅಷ್ಟು ಹೊತ್ತಿನಲ್ಲೂ ತಾಗದ ಹಾಗೆ. ಕ್ಯಾಮೆರಾದಿಂದ ಒಂದನ್ನು ಕಳಚಿ ಇನ್ನೊಂದನ್ನು ತಿರುಪಿ ಕೂರಿಸಿದ. ಕೆಳಗೆ ಒಬ್ಬ ಮನುಷ್ಯ ಉಸಿರಿಗಾಗಿ ಬಡಿದಾಡುತ್ತಿದ್ದ. ಮೇಲೆ ಒಬ್ಬ ಮನುಷ್ಯ ಮಡಿ ಕೆಡದಂತೆ ಗಾಜು ಜೋಡಿಸುತ್ತಿದ್ದ.

ಆ ಕ್ಯಾಮೆರಾದಲ್ಲಿ ಕಣ್ಣು ನೋಡುವ ಕಿಂಡಿ ಬೇರೆ, ಫಿಲ್ಮು ನೋಡುವ ಲೆನ್ಸು ಬೇರೆ. ಕಿಂಡಿ ಶುಭ್ರವಾಗಿತ್ತು. ಅದರಲ್ಲಿ ಎಲ್ಲ ಕಂಡಿತು. ಚಿಕ್ಕಬೈರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು, ಮುನಿಕೃಷ್ಣಪ್ಪ ಗಳು ಊರಿ ಬಗ್ಗಿದ್ದು, ಗಳುವಿನ ತುದಿ ಲಕ್ಕಣ್ಣನ ಕುತ್ತಿಗೆಯ ಮೇಲಿದ್ದದ್ದು. ಕ್ಲಿಕ್ಕಿಸಿದ. ಮತ್ತೆ ಕ್ಲಿಕ್ಕಿಸಿದ. ಮೂರನೆಯ ಸಲವೂ ಕ್ಲಿಕ್ಕಿಸಿದ. ನಾನೂ ಏನೋ ಮಾಡುತ್ತಿದ್ದೇನೆ ಎಂದು ಪ್ರತಿ ಸಲವೂ ಅನ್ನಿಸಿತು.

ಆಮೇಲೆ ನೀರಿನ ಮೇಲೆ ಡಬ್ಬ ಒಂದೇ ತೇಲುತ್ತಿತ್ತು. ನಾಲ್ವರೂ ಹೋದರು. ಹೆದರಿ ಹಾರಿದ್ದ ಕೊಕ್ಕರೆಗಳು ಒಂದೊಂದಾಗಿ ಬಂದು ಇಳಿದವು.

ಮನೆಗೆ ಬಂದವನೇ ಜಗಲಿಯ ಮೇಲೆ ಕುಸಿದು, "ಸತ್ಯಾ, ನೆತ್ತಿ ಸುಡ್ತಾ ಇದೆ, ನೀರು ಕೊಡು," ಎಂದ. ಕಂಡದ್ದನ್ನು ಅವಳಿಗೆ ಹೇಳಿದ. ಸತ್ಯವತಿ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ನೀವು ಕೂಗಲಿಲ್ವಾ?"

"ಫೋಟೋ ತೆಗೆದಿದ್ದೀನಲ್ಲ," ಎಂದ.

ಲಕ್ಕಣ್ಣ ಕುಡಿದು ಕಾಲು ಜಾರಿ ಬಿದ್ದ ಎಂದು ಕರೇಕಲ್ಲಹಳ್ಳಿ ಹೇಳಿತು. ಪೊಲೀಸರೂ ಅದನ್ನೇ ಬರೆದುಕೊಂಡರು. ಮುಂದಿನ ಶನಿವಾರ ತ್ರಿವಿಕ್ರಮ ಓದುಕೂಟ ಮುಗಿದ ಮೇಲೆ ಚನ್ನಕೇಶವನನ್ನು ಪಕ್ಕಕ್ಕೆ ಕರೆದ. ಚನ್ನಕೇಶವ ಎಳೆಯ ವಕೀಲ, ಕೂಟ ನಡೆಸುತ್ತಿದ್ದವನೇ ಅವನು. ಫೀಜು ಕೊಡಲಾಗದವರೇ ಅವನ ಕಕ್ಷಿಗಾರರು.

"ಫೋಟೋ ಇದೆ ಚನ್ನಕೇಶವ. ಒಂದೊಂದು ಮುಖವೂ ಬಿದ್ದಿದೆ. ಯಾರೂ ಅಲ್ಲ ಅನ್ನೋ ಹಾಗಿಲ್ಲ."

ಚನ್ನಕೇಶವ ಅವನ ಎರಡೂ ಕೈ ಹಿಡಿದುಕೊಂಡ. "ಸಾರ್, ಇಷ್ಟು ವರ್ಷದಲ್ಲಿ ಇಂಥ ಒಂದು ಕೇಸಿಗೂ ಸಾಕ್ಷಿ ಸಿಕ್ಕಿಲ್ಲ. ಇವತ್ತೇ ಆ ಅಮ್ಮನಿಗೆ ಹೇಳ್ತೀನಿ."

ರೀಲು ಇನ್ನೂ ತೊಳೆದಿರಲಿಲ್ಲ. ತೊಳೆಯುವ ಮುಂಚೆಯೇ ಆ ತಾಯಿಗೆ ಭರವಸೆ ಹೋಗಿ ಮುಟ್ಟಿತ್ತು.

ಭಾನುವಾರ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು ರೀಲು ತೊಳೆದ. ಒದ್ದೆ ಫಿಲ್ಮನ್ನು ಹಿತ್ತಲಿನ ಬೆಳಕಿಗೆ ಹಿಡಿದ. ಮೊದಲ ಚಿತ್ರಗಳು, ನೀರು, ಬೆಳಕು, ಹುಣಸೆಮರ, ಗೆರೆ ಕೊರೆದಂತಿದ್ದವು. ಉದ್ದ ಲೆನ್ಸಿನ ಆ ಮೂರು ಮಾತ್ರ ಬೂದಿ ಬಳಿದಂತಿದ್ದವು. ಓಡಿ ಹೋಗಿ ಉದ್ದ ಲೆನ್ಸು ತಂದ. ಹಿಂದಿನಿಂದ ಟಾರ್ಚು ಬಿಟ್ಟು ನೋಡಿದ. ಒಳಗಿನ ಗಾಜುಗಳ ಮೇಲೆ ಹಾಲಿನ ಕೆನೆಯಂಥ ಪೊರೆ. ಮೇಣ ಮೆತ್ತಿದ ಡಬ್ಬಿಯಲ್ಲಿ ಕರಗಿದ ಕರ್ಪೂರಕ್ಕೆ ಹೊರಗೆ ಹೋಗಲು ದಾರಿಯಿರಲಿಲ್ಲ. ತಿಂಗಳುಗಟ್ಟಲೆ ಆವಿಯಾಗಿ, ಉಂಗುರದ ಸಂದಿಯಿಂದ ನುಗ್ಗಿ, ಲೆನ್ಸಿನ ಜಿಡ್ಡಿನ ಜೊತೆ ಸೇರಿ ಗಾಜಿಗೆ ಅಂಟಿಕೊಂಡಿತ್ತು. ಬೂಷ್ಟು ಬಂದಿರಲಿಲ್ಲ. ಮಡಿಯೇ ಕಣ್ಣಿಗೆ ಪೊರೆಯಾಗಿ ಬಂದಿತ್ತು.

ದೊಡ್ಡದು ಮಾಡಿದರೆ ಏನಾದರೂ ಕಂಡೀತೆಂದು ಗುಂಡಣ್ಣನ ಕತ್ತಲೆಕೋಣೆಗೆ ಓಡಿದ. ಔಷಧಿಯ ತಟ್ಟೆಯಲ್ಲಿ ಕಾಗದದ ಮೇಲೆ ಚಿತ್ರ ನಿಧಾನ ಮೂಡಿತು. ಎದುರು ಬಿಸಿಲು ಆ ಪೊರೆಯಲ್ಲಿ ಹರಡಿ ನೀರೆಲ್ಲ ಬೆಳ್ಳಿಯಾಗಿತ್ತು. ಮೆಟ್ಟಿಲ ಮೇಲೆ ನಾಲ್ಕು ನೆರಳು. ಒಂದು ನೆರಳಿನ ಕೈಯಿಂದ ಒಂದು ಗೆರೆ ನೀರಿಗಿಳಿದಿತ್ತು. ಗೆರೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಮುಖಗಳಿಲ್ಲ.

ಗುಂಡಣ್ಣ ಬಗ್ಗಿ ನೋಡಿ ಉಸಿರೆಳೆದುಕೊಂಡ. "ಅಯ್ಯೋ ಮಾರಾಯ! ಎಂಥಾ ಮಂಜು ಹಿಡಿದಿದ್ದೀಯಯ್ಯಾ! ಬೆಸ್ತರಾ?"

"ಅಲ್ಲ."

"ಯಾರಾದ್ರಾಗಲಿ. ನಮ್ಮವರು ಇಷ್ಟು ವರ್ಷ ಬಡಿದಾಡಿದ್ರೂ ಇಂಥ ಮಂಜು ಸಿಕ್ಕಿಲ್ಲ. ಪ್ರದರ್ಶನಕ್ಕೆ ಇದೇ. ಬೇರೆ ಮಾತಿಲ್ಲ."

"ಮಂಜಿರಲಿಲ್ಲ ಗುಂಡಣ್ಣ."

"ಚಿತ್ರದಲ್ಲಿದೆಯಲ್ಲಯ್ಯಾ! ಅಷ್ಟು ಸಾಕು," ಎಂದು ಗುಂಡಣ್ಣ ಇನ್ನೊಂದು ಪ್ರತಿಗೆ ಕಾಗದ ಕತ್ತರಿಸತೊಡಗಿದ. ಅದು ಯಾವ ಗಳು, ಯಾರ ತಲೆ ಎಂದು ಹೇಳಬೇಕೆಂದು ತ್ರಿವಿಕ್ರಮ ಬಾಯಿ ತೆರೆದವನು, ಅದರ ಬದಲು ಕಾಗದದ ಅಂಚು ಹಿಡಿದುಕೊಟ್ಟ.

ಎರಡು ದಿನ ಬಿಟ್ಟು ಚನ್ನಕೇಶವ ಪಟಾಲಮ್ಮನನ್ನು ಕರೆದುಕೊಂಡು ಮನೆಗೇ ಬಂದ. ಒಣಗಿದ ಮೈಯ, ನೆಟ್ಟಗೆ ನಿಲ್ಲುವ ಹೆಂಗಸು. ಜಗಲಿ ಹತ್ತಲಿಲ್ಲ.

"ಮೇಲೆ ಬಾಮ್ಮ, ಕೂತ್ಕೊ," ಎಂದಳು ಸತ್ಯವತಿ.

"ಇರ್ಲವ್ವ. ಇಲ್ಲೇ ಕಾಣ್ತದೆ."

ಸತ್ಯವತಿ ತಾನೇ ಕೆಳಗಿಳಿದು ಅವಳ ಪಕ್ಕ ನಿಂತಳು. ತ್ರಿವಿಕ್ರಮ ಚಿತ್ರ ತಂದ. ಅಂಚು ಹಿಡಿದು ಕೊಡಲು ಹೋದವನು, ಅವಳೂ ಅಂಚನ್ನೇ ಹಿಡಿಯಲಿ ಎಂದು ಹೇಳಬೇಕೆನಿಸಿ, ನಾಚಿದ. ಪಟಾಲಮ್ಮ ಅದನ್ನು ಇಡೀ ಅಂಗೈಯಲ್ಲಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

"ಇದ್ಯಾಕ್ ಬುದ್ದಿ, ಒಗೆ ತುಂಬ್ಕಂಡಂಗೈತೆ?"

"ಲೆನ್ಸು… ಗಾಜು ಮಬ್ಬಾಗಿತ್ತಮ್ಮ."

"ಅವತ್ತು ಬಿಸ್ಲು ಕಣ್ ಕುಕ್ತಿತ್ತು. ನಾನು ಅಂಗಳ್ದಾಗೆ ರಾಗಿ ಒಣಗಾಕ್ ಅರ್ಡಿದ್ದೆ." ಅವಳ ಬೆರಳು ಚಿತ್ರದ ಮೇಲೆ ಸರಿಯಿತು. "ಇವ್ನು ಚಿಕ್ಕಬೈರಪ್ಪ. ಸ್ವಂಟದ್ ಮ್ಯಾಲೆ ಕೈ. ಇವ್ನು ಅವನ್ ತಮ್ಮ." ಬೆರಳು ಗೆರೆ ಹಿಡಿದು ಇಳಿದು ಚುಕ್ಕೆಯ ಮೇಲೆ ನಿಂತಿತು. ಅಲ್ಲಿ ಅವಳು ಹೆಸರು ಹೇಳಲಿಲ್ಲ. ಬೆರಳನ್ನು ಎತ್ತಲೂ ಇಲ್ಲ.

"ಇವರು ಗುರುತು ಹಿಡಿದರೆ ಆಗಲ್ಲ," ಚನ್ನಕೇಶವ ತಗ್ಗಿದ ದನಿಯಲ್ಲಿ ಹೇಳಿದ. "ಹೆತ್ತವಳು, ಹೇಳೇ ಹೇಳ್ತಾಳೆ ಅಂತಾರೆ. ಈ ಫೋಟೋದಲ್ಲಿ ಮುಖ ಇಲ್ಲ ಸಾರ್."

ಪಟಾಲಮ್ಮ ತಲೆಯೆತ್ತಿದಳು. "ನೀವ್ ಕಂಡ್ರಾ ಬುದ್ದಿ? ಕಣ್ಣಾಗೆ?"

"ಕಂಡೆ."

"ಮಕ ಕಂಡ್ರಾ?"

"ಕಂಡೆನಮ್ಮ."

"ಅಂಗಾರೆ ಈ ಕಾಗ್ದ ಯಾಕೆ? ನಿಮ್ ಗಾಜು ಮಬ್ಬಾದ್ರೆ ಆಗ್ಲಿ. ಕಣ್ ಚೆಂದಾಗೈತಲ್ಲ. ನೀವೇ ಯೋಳಿ."

ಎಷ್ಟು ಸರಳವಾದ ಮಾತು! ತ್ರಿವಿಕ್ರಮನಿಗೆ ಇಷ್ಟು ದಿನ ಅದು ಹೊಳೆದಿರಲಿಲ್ಲ, ಹೊಳೆಯದಂತೆ ನೋಡಿಕೊಂಡಿದ್ದ. ಫೋಟೋ ಮಾತಾಡುತ್ತದೆ, ತಾನು ಅದರ ಹಿಂದೆ ಇರಬಹುದು ಎಂದುಕೊಂಡಿದ್ದ. ಸತ್ಯವತಿ ಅವನನ್ನೇ ನೋಡುತ್ತಿದ್ದಳು.

"ಹೇಳ್ತೀನಿ," ಎಂದ.

ಪಟಾಲಮ್ಮ ಚಿತ್ರವನ್ನು ಮರಳಿ ಕೊಟ್ಟಳು. ಅದರ ಮೇಲೆ ಅವಳ ಬೆರಳಿನ ಗುರುತು ಉಳಿದಿತ್ತು.

ವಿಚಾರಣೆ ಯಲಹಂಕದಲ್ಲಿ, ಅಧಿಕಾರಿಗಳು ತಂಗುವ ಮುಸಾಫಿರ್ ಬಂಗಲೆಯಲ್ಲಿ ಎಂದು ಗೊತ್ತಾಯಿತು. ಚನ್ನಕೇಶವ ಅರ್ಜಿ ಮೇಲೆ ಅರ್ಜಿ ಬರೆದು ಒಬ್ಬ ಅಧಿಕಾರಿಯನ್ನು ಅಲ್ಲಿಗೆ ತರಿಸಿದ್ದ. ಇದೊಂದು ಹೇಳಿಕೆ ಬಿದ್ದರೆ ಕೇಸು ಎದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಕಡತ ಮುಚ್ಚುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದ.

ಆ ನಡುವಿನ ದಿನಗಳಲ್ಲಿ ತ್ರಿವಿಕ್ರಮನನ್ನು ಯಾರೂ ಬೆದರಿಸಲಿಲ್ಲ. ಕಲ್ಲು ಬೀಳಲಿಲ್ಲ, ಕಾಗದ ಬರಲಿಲ್ಲ, ಕೆಲಸಕ್ಕೆ ಕುತ್ತು ಬರಲಿಲ್ಲ. ಬಂದಿದ್ದರೆ ಅವನ ಬಗ್ಗೆ ಒಂದಿಷ್ಟು ಮರುಕ ಪಡಬಹುದಿತ್ತು. ಅವನು ರೈಲಿನಲ್ಲಿ ಕೂತು ಯೋಚಿಸಿದ, ಅಷ್ಟೇ. ಅಧಿಕಾರಿ ಕೇಳುತ್ತಾನೆ: ನೀನೆಲ್ಲಿದ್ದೆ? ಪೊದೆಯ ಹಿಂದೆ. ಏನು ಮಾಡಿದೆ? ಲೆನ್ಸು ಬದಲಾಯಿಸಿದೆ. ಯಾಕೆ ಕೂಗಲಿಲ್ಲ? ಆ ಪ್ರಶ್ನೆ ಬಂದಲ್ಲಿ ಅವನ ಯೋಚನೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮುಖ ಕಂಡಿತ್ತು ಎಂದರೆ ಪೊದೆಯ ಹಿಂದಿದ್ದ ತಾನೂ ಎಲ್ಲರಿಗೂ ಕಂಡುಬಿಡುತ್ತೇನೆ.

ಬಂಗಲೆಯ ಅಂಗಳದಲ್ಲಿ ಚಿಕ್ಕಬೈರಪ್ಪ ಮರದ ಕೆಳಗೆ ನಿಂತಿದ್ದ. ಗರಿಗರಿ ಪಂಚೆ, ಹೆಗಲ ಮೇಲೆ ಜರಿ ವಲ್ಲಿ. ಕೈ ಮುಗಿದ.

"ಬಂದ್ರಾ ಸ್ವಾಮಿ? ಕಾಪಿ ಆಯ್ತಾ? ಕೊಕ್ರೆ ಇನ್ನೂ ಅವೆ, ಬರ್ಲೇ ಇಲ್ವಲ್ಲ ಈ ಕಡೆ?"

"ಬರ್ತೀನಿ," ಎಂದುಬಿಟ್ಟ ತ್ರಿವಿಕ್ರಮ. ನಾಲಗೆ ತಾನಾಗಿ ಹೇಳಿತು.

ಒಳಗೆ ಮೇಜು, ಅಧಿಕಾರಿ, ಬರೆಯುವ ಗುಮಾಸ್ತ. ಗೋಡೆಗೆ ಒರಗಿ ನೆಲದ ಮೇಲೆ ಪಟಾಲಮ್ಮ. ಅಧಿಕಾರಿ ಚಿತ್ರವನ್ನು ಕೈಯಲ್ಲಿ ಹಿಡಿದಿದ್ದ.

"ಇದು ನೀವು ತೆಗೆದದ್ದು?"

"ಹೌದು."

"ಇದರಲ್ಲಿ ಯಾರೂ ಗೊತ್ತಾಗೋದಿಲ್ಲವಲ್ಲ. ಇದು ನಾನೂ ಆಗಿರಬಹುದು, ನೀವೂ ಆಗಿರಬಹುದು. ವಕೀಲರು ಹೇಳ್ತಾರೆ, ನೀವು ಕಣ್ಣಾರೆ ಕಂಡಿದ್ದೀರಿ ಅಂತ. ಮೆಟ್ಟಿಲ ಮೇಲಿದ್ದವರ ಮುಖ ಕಂಡಿರಾ?"

ಚನ್ನಕೇಶವನ ಉಸಿರು ಪಕ್ಕದಲ್ಲೇ ಕೇಳುತ್ತಿತ್ತು. ಕಿಟಕಿಯಾಚೆ ಜರಿ ವಲ್ಲಿಯ ಅಂಚು ಬಿಸಿಲಿಗೆ ಮಿನುಗಿತು. ತ್ರಿವಿಕ್ರಮ ಚಿತ್ರವನ್ನು ನೋಡಿದ. ಎಷ್ಟು ಮೆತ್ತಗಿತ್ತು ಅದು. ಎಷ್ಟು ಜನಕ್ಕೆ ಅದರೊಳಗೆ ಅಡಗಲು ಜಾಗವಿತ್ತು.

"ಮಂಜಿತ್ತು ಸಾರ್," ಎಂದ.

ಅಧಿಕಾರಿ ಚಿತ್ರವನ್ನು ಬೆಳಕಿಗೆ ತಿರುಗಿಸಿದ. "ಹೌದು. ಮಂಜೇ. ಕಾಣ್ತಾ ಇದೆ." ಗುಮಾಸ್ತನಿಗೆ ಹೇಳಿದ: "ಬರ್ಕೊಳ್ರೀ. ಸಾಕ್ಷಿಯ ಹೇಳಿಕೆಗೆ ಛಾಯಾಚಿತ್ರ ಪುಷ್ಟಿ ಕೊಡುತ್ತದೆ. ದಟ್ಟ ಮಂಜು. ಕಾಲು ಜಾರುವ ಸಂಭವ ಇತ್ತು."

ಅದುವರೆಗೆ ಬರೀ ಮಬ್ಬಾಗಿದ್ದ ಚಿತ್ರ ಈಗ ಮಾತಾಡಿತು. ಕೊಂದವರ ಪರವಾಗಿ ಮಾತಾಡಿತು.

"ಸಾರ್!" ಎಂದ ಚನ್ನಕೇಶವ.

ಪಟಾಲಮ್ಮ ಗೋಡೆ ಹಿಡಿದು ಎದ್ದಳು. "ಮಂಜಿರ್ನಿಲ್ಲ," ಎಂದಳು. ಕೂಗಲಿಲ್ಲ. "ಬುದ್ದಿ, ನಾನು ರಾಗಿ ಅರ್ಡಿದ್ದೆ. ಮಂಜಿದ್ರೆ ಯಾರಾನಾ ರಾಗಿ ಅರ್ಡ್ತಾರಾ?"

ಗುಮಾಸ್ತನ ಲೇಖನಿ ನಿಲ್ಲಲಿಲ್ಲ. ಅವಳ ಮಾತು ಅದರಲ್ಲಿ ಇಳಿಯಲೂ ಇಲ್ಲ.

ಹೊರಗೆ ಬಂದಾಗ ಅವಳು ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಉಗಿಯುತ್ತಾಳೆ, ಶಪಿಸುತ್ತಾಳೆ ಎಂದುಕೊಂಡು ತ್ರಿವಿಕ್ರಮ ತಲೆ ತಗ್ಗಿಸಿದ. "ನೀರ್ ಇಡಿಯೋದು ನಮ್ ಅಕ್ಕು ಅಂತ ಯೋಳಿದ್ರಂತಲ್ಲ ನನ್ ಮಗುಂಗೆ," ಎಂದಳು. "ಏರಿ ಮ್ಯಾಗ್ ಬರೋ ಸಾಯೇಬ್ರು ಯೋಳಿದ್ರು ಕಣವ್ವ ಅಂತ ಕುಣಕಂಡ್ ಬಂದಿದ್ದ. ಅದು ನೀವೇನಾ?"

ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು.

ಕಡತ ಮುಚ್ಚಿತು. ಪ್ರದರ್ಶನದಲ್ಲಿ ಆ ಚಿತ್ರ 'ಮಂಜು' ಎಂಬ ಹೆಸರಿನಲ್ಲಿ ನೇತಾಡಿತು. ಬೇಡ ಎಂದು ತ್ರಿವಿಕ್ರಮ ಹೇಳಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಜನ ಅದರ ಮುಂದೆ ನಿಂತು ಆಹಾ ಎಂದರು. ಗಳುವಿನ ಗೆರೆ ಚಿತ್ರವನ್ನು ಎಷ್ಟು ಚೆನ್ನಾಗಿ ಕೂಡಿಸಿದೆ ಎಂದು ಒಬ್ಬರು ಬೆರಳಿಟ್ಟು ವಿವರಿಸಿದರು.

ಒಂದು ಭಾನುವಾರ ತ್ರಿವಿಕ್ರಮ ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ ಉದ್ದ ಲೆನ್ಸನ್ನು ಬಿಚ್ಚಿದ. ಉಂಗುರ ತಿರುಪಿ, ಒಳಗಾಜುಗಳನ್ನು ಒಂದೊಂದಾಗಿ ಹೊರತೆಗೆದು, ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ ಬಿಸಿಲಿಗಿಟ್ಟ. ಪೊರೆ ಎಷ್ಟು ಸುಲಭವಾಗಿ ಹೋಯಿತು! ಮಧ್ಯಾಹ್ನದ ಹೊತ್ತಿಗೆ ಗಾಜು ಇದ್ದದ್ದೇ ಗೊತ್ತಾಗದಷ್ಟು ಶುಭ್ರವಾಗಿತ್ತು. ಮತ್ತೆ ಜೋಡಿಸಿ, ರೇಷ್ಮೆಯಲ್ಲಿ ಸುತ್ತಿ, ಈ ಸಲ ಕರ್ಪೂರವಿಲ್ಲದೆ ಡಬ್ಬಿಗೆ ಹಾಕಿ ಒಳಗೆ ಹೋದ.

ಸತ್ಯವತಿ ಸೀರೆಪೆಟ್ಟಿಗೆಯ ಮುಂದೆ ಕೂತಿದ್ದಳು. ಮುಚ್ಚಳದ ಮೇಲೆ ಕೈಯಿತ್ತು.

"ಇಲ್ಲಿಡಬೇಡಿ," ಎಂದಳು.

"ಕರ್ಪೂರ ಹಾಕಿಲ್ಲ ಸತ್ಯಾ. ವಾಸನೆ ಬರಲ್ಲ."

"ಅವತ್ತು ಬಂದವರು ನೆತ್ತಿ ಸುಡ್ತಾ ಇದೆ ಅಂದ್ರಿ. ನೀರು ಕೊಟ್ಟವಳು ನಾನು. ಎಲ್ಲಿತ್ತು ಮಂಜು?" ಅವಳು ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಮುಚ್ಚಳ ಬಿಚ್ಚಿ, ರೇಷ್ಮೆ ಸರಿಸಿ, ಲೆನ್ಸಿನ ಗಾಜಿನ ಮೇಲೆ ತನ್ನ ಹೆಬ್ಬೆರಳನ್ನು ಇಡಿಯಾಗಿ ಒತ್ತಿದಳು. ಆಮೇಲೆ ಅದನ್ನು ಹೊರಗೆ ಒಯ್ದು, ಪಟಾಲಮ್ಮ ನಿಂತಿದ್ದ ಜಾಗದಲ್ಲಿ, ಜಗಲಿಯ ಕೆಳಗೆ, ಮಣ್ಣಿನ ಮೇಲಿಟ್ಟು ಬಂದಳು.

ತ್ರಿವಿಕ್ರಮ ಬಾಗಿಲಲ್ಲಿ ನಿಂತ. ಬೀದಿಯಲ್ಲಿ ಗಾಡಿ ಹೋಗಿ ಕೆಂಪು ಧೂಳು ಎದ್ದಿತ್ತು. ಇಳಿದು ಎತ್ತಿಕೊಳ್ಳಲು ನಾಲ್ಕು ಹೆಜ್ಜೆ ಸಾಕು. ಅವನು ಅಲ್ಲೇ ನಿಂತು, ಲೆನ್ಸಿನ ಮೇಲೆ ಧೂಳು ಇಳಿಯುವುದನ್ನು ನೋಡುತ್ತಿದ್ದ.